ಮೇ ತಿಂಗಳ ಧಬಧಬೆ

ನಾನು ವೇದಿಕೆಯ ಮೇಲೆ ಹೇಳುತ್ತ ಬಂದಿದ್ದ ಒಂದು ಕತೆಯನ್ನು ನಂಬಿ ಕೊಣ್ಣೂರಿನ ಒಬ್ಬ ಹುಡುಗಿ ಕೈಗೆ ಬಂದ ಸರಕಾರಿ ನರ್ಸ್ ನೌಕರಿಯನ್ನು ಬಿಡಲು ಹೊರಟಿದ್ದಳು. ಕೆಲಸಕ್ಕೆ ಹಾಜರಾಗಲು ಅವಳಿಗೆ ಉಳಿದಿದ್ದದ್ದು ಹನ್ನೊಂದು ದಿನ. ಅಷ್ಟರೊಳಗೆ ಆ ಕತೆ ಖರೆಯೋ ಅಲ್ಲವೋ ಎಂದು ನಾನು ಪತ್ತೆ ಮಾಡಬೇಕಿತ್ತು. ಬೇರೆ ಯಾರದೋ ಕತೆಯಾಗಿದ್ದರೆ ಸುಲಭವಿತ್ತು. ಅದು ನನ್ನದೇ ಕತೆ, ನನಗೇ ಆದದ್ದು.

ಸುವಾರ್ತೆಯ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಈಗಲೂ ನನ್ನ ಮನೆಗೆ ಬಂದು ಕೇಳುತ್ತಾರೆ: ಸರ್, ಈ ಕೆಲಸ ನಿಜವಾಗಿ ಹೇಗಿರುತ್ತದೆ? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಬಿಟ್ಟಿದ್ದೇನೆ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುತ್ತ ಮೊದಲು ಸೈಕಲ್ಲಿನಲ್ಲಿ, ಆಮೇಲೆ ಒಂದು ಹಳೆಯ ಮೊಪೆಡ್ಡಿನಲ್ಲಿ ತಿರುಗಿದ ವರ್ಷಗಳು ನನ್ನ ಜೀವನದ ಅತ್ಯಂತ ಸಂಭ್ರಮದ ವರ್ಷಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ಕೆಲವು ಮಾತುಗಳನ್ನು ಓದಿದವರಿಗೆ ಬೇರೆ ಅನಿಸಬಹುದು.

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿದವನು. ಕ್ರೈಸ್ತ ಮನೆಯಲ್ಲಿ ಹುಟ್ಟಿದ್ದೆ, ಆದರೆ ವಿಶ್ವವಿದ್ಯಾಲಯಕ್ಕೆ ಬಂದ ಎರಡನೆಯ ವರ್ಷಕ್ಕೆ ಪ್ರಾರ್ಥನೆ ಬಿಟ್ಟಿದ್ದೆ. ಕಣ್ಣಿಗೆ ಕಾಣದ್ದನ್ನು, ಅಳತೆಗೆ ಸಿಗದ್ದನ್ನು ನಂಬಬಾರದು ಎಂದು ಹಾಸ್ಟೆಲ್ಲಿನಲ್ಲಿ ಎಲ್ಲರೊಡನೆ ವಾದಿಸುತ್ತಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳವು. ಪರೀಕ್ಷೆ ಮುಗಿದು ಹಾಸ್ಟೆಲ್ ಮುಚ್ಚಿತು. ಎಲ್ಲಿಗೆ ಹೋಗಬೇಕೋ ತಿಳಿಯದೆ ಕೂತಿದ್ದಾಗ ಗೆಳೆಯನೊಬ್ಬ, ಕೊಣ್ಣೂರಿನ ಹತ್ತಿರ ಸಾಲೆಯೊಂದರಲ್ಲಿ ಮಕ್ಕಳ ಬೇಸಿಗೆ ಶಿಬಿರವಿದೆ, ಆಟ ಆಡಿಸಿ ವಿಜ್ಞಾನದ ಪ್ರಯೋಗ ತೋರಿಸುವವರು ಬೇಕು, ಊಟ ವಸತಿ ಪುಕ್ಕಟೆ ಎಂದ. ಪುಕ್ಕಟೆ ಊಟಕ್ಕೆ ಹೋದೆ. ಹತ್ತು ದಿನ ಮಕ್ಕಳಿಗೆ ಭೂತಗನ್ನಡಿಯಿಂದ ಕಾಗದ ಸುಡುವುದನ್ನು ತೋರಿಸಿದೆ. ಕೊನೆಯ ಸಂಜೆ ಗೋಕಾಕ ಜಲಪಾತದ, ನಮ್ಮ ಮಾತಿನ ಧಬಧಬೆಯ, ಮೇಲಿನ ಬಂಡೆಗಳ ಮೇಲೆ ಒಬ್ಬನೇ ಕೂತಿದ್ದೆ. ಘಟಪ್ರಭಾ ಭೋರ್ಗರೆಯುತ್ತಿತ್ತು. ಆ ಸಪ್ಪಳದೊಳಗೆ ಯಾರೋ ನನ್ನ ಹೆಸರು ಹಿಡಿದು ಕರೆದರು. ನಾನು ಎದ್ದು ನಿಂತು ಉತ್ತರ ಕೊಟ್ಟೆ.

ಹೀಗೆಂದು ನಾನು ಹದಿನೇಳು ವರ್ಷ ಹೇಳಿದೆ. ಹೀಗೇ ಆಯಿತೆಂದು ನಂಬಿಯೂ ಇದ್ದೆ.

ಒಂದು ತಿಂಗಳೊಳಗೆ ಸುವಾರ್ತಿಕನಾಗಿ ಸೇರಿಕೊಂಡೆ. ಪಗಾರ ಸಣ್ಣದು, ತಿರುಗಾಟ ದೊಡ್ಡದು. ನಮ್ಮ ಮೇಲ್ವಿಚಾರಕರು ಗೋಕಾಕದಲ್ಲಿದ್ದ ಹಿರಿಯ ಪಾಸ್ಟರ್. ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು. ಎತ್ತರದ ಆಳು, ಬಿಳಿ ಮೀಸೆ, ಬೈದರೂ ಹೊಗಳಿದರೂ ಒಂದೇ ದನಿ. ಅವರು ಮೊದಲು ಕಲಿಸಿದ್ದು ಸಾಕ್ಷಿ ಹೇಳುವುದನ್ನು. ನಮ್ಮಲ್ಲಿ ಪ್ರತಿ ಕೂಟದಲ್ಲೂ ಒಬ್ಬರು ಎದ್ದು ತಾನು ಹೇಗೆ ನಂಬಿದೆ, ತನ್ನನ್ನು ದೇವರು ಹೇಗೆ ಕರೆದ ಎಂದು ಹೇಳುವ ಪದ್ಧತಿಯಿದೆ. ಅದೇ ಸಾಕ್ಷಿ. ಹುಕ್ಕೇರಿಯಲ್ಲಿ ನನ್ನ ಮೊದಲ ಸಾಕ್ಷಿ ಎರಡೇ ನಿಮಿಷಕ್ಕೆ ಮುಗಿಯಿತು. ಕೂಟ ಮುಗಿದ ಮೇಲೆ ಅಯ್ಯನವರು ಬಾಜೂಕ್ಕೆ ಕರೆದರು.

"ಏನೋ ತಮ್ಮಾ, ಬಸ್ಸಿನ್ಯಾಗ ಸೀಟು ಸಿಕ್ಕಿದ್ದು ಹೇಳಿದಂಗ ಹೇಳಿದಿ?"

"ಆದದ್ದು ಅಷ್ಟ ಐತ್ರಿ."

"ಆದದ್ದು ಅಷ್ಟ ಇರಬಹುದು. ಕೂತಾವರು ಹತ್ತು ಹರದಾರಿ ನಡದು ಬಂದಾರ. ಏಳು ನಿಮಿಷ ಹೇಳಬೇಕು. ಮೊದಲ ಎರಡು ನಿಮಿಷ ಕತ್ತಲಿ, ನಡಬರಕ ಮೂರು ನಿಮಿಷ ತಿರುವು, ಕಡೀಕ ಎರಡು ನಿಮಿಷ ಬೆಳಕು. ಗಡಿಯಾರ ನೋಡಿ ಮಾಡು."

ನಾನು ಗಡಿಯಾರ ನೋಡಿ ಅಭ್ಯಾಸ ಮಾಡಿದೆ. ಪ್ರಯೋಗಾಲಯದಲ್ಲಿ ಲೋಲಕದ ತೂಗಾಟ ಎಣಿಸಿದವನಿಗೆ ಅದೇನು ಕಷ್ಟ? ಎರಡು ತಿಂಗಳಲ್ಲಿ ಏಳು ನಿಮಿಷಕ್ಕೆ ಸರಿಯಾಗಿ ಮುಗಿಸಲು ಬಂತು.

ಆ ಕಾಲದಲ್ಲಿ ನಮ್ಮ ಕೆಲಸದ ವಿಧಾನವೆಂದರೆ ಬಯಲಿನಲ್ಲಿ ಸಿನೆಮಾ. ರೀಲಿನ ಪೆಟ್ಟಿಗೆ, ಪ್ರೊಜೆಕ್ಟರು, ಜನರೇಟರು, ಎರಡು ಕಂಬದ ನಡುವೆ ಕಟ್ಟಲು ದೋತರ. ಮೈಕ್ ಸೆಟ್ಟನ್ನು ಮಾತ್ರ ಹುಕ್ಕೇರಿಯ ಇಮಾಮಸಾಬರಿಂದ ಬಾಡಿಗೆಗೆ ತರುತ್ತಿದ್ದೆವು. ಮದುವೆ, ಉರುಸು, ಚುನಾವಣೆ, ನಮ್ಮ ಕೂಟ, ಎಲ್ಲಕ್ಕೂ ಅವರದೇ ಸೆಟ್ಟು. ಮೈಕು ಕೊಟ್ಟು ಹೋಗಿಬಿಡುವವರಲ್ಲ; ಕೊನೆಯ ತನಕ ಯಂತ್ರದ ಮಗ್ಗುಲಲ್ಲಿ ಕೂತು ಕಿವಿಗೊಟ್ಟು ಕೇಳುವವರು. ಅವರಷ್ಟು ಸಲ ನನ್ನ ಸಾಕ್ಷಿ ಕೇಳಿದವರು ಇನ್ನೊಬ್ಬರಿಲ್ಲ.

ಕಣಗಲಾದಲ್ಲಿ ನಾನು ಮಾಡಿದ ಎಡವಟ್ಟನ್ನು ಹೇಳಲೇಬೇಕು. ಊರ ತುಂಬ ಡಂಗುರ ಸಾರಿಸಿ, ಹೆದ್ದಾರಿಯ ಆಚೆ ಬಯಲಿನಲ್ಲಿ ದೋತರ ಕಟ್ಟಿ, ಕತ್ತಲಾಗುತ್ತಲೇ ರೀಲು ಹಚ್ಚಿದೆ. ಪರದೆಯ ಮೇಲೆ ಬಂದ ಮೊದಲ ಮನುಷ್ಯ ತೆಲುಗು ಮಾತಾಡಿದ! ಪೆಟ್ಟಿಗೆಯ ಮೇಲೆ ಕನ್ನಡ ಎಂದಿತ್ತು; ಒಳಗೆ ತೆಲುಗು ರೀಲು. ಎದುರಿಗೆ ನಾಲ್ಕುನೂರು ಜನ. ಕನ್ನಡ, ಮರಾಠಿ ಎರಡೂ ಬಲ್ಲವರು, ತೆಲುಗು ಒಬ್ಬರಿಗೂ ಬಾರದು. ನನಗೂ ಬಾರದು. ಇಮಾಮಸಾಬರು ನನ್ನ ಮುಖ ನೋಡಿದರು.

"ಮಾಸ್ತರ್, ದನಿ ಬಂದ್ ಮಾಡ್ಲೇನ್ರಿ?"

"ಮಾಡ್ರಿ. ಮೈಕು ಇತ್ತ ಕೊಡ್ರಿ."

ಒಂದೂವರೆ ತಾಸು ನಾನೇ ಮಾತಾಡಿದೆ. ಪರದೆಯ ಮೇಲೆ ತುಟಿ ಅಲುಗಿದಂತೆ ಇಲ್ಲಿ ಮಾತು ಹುಟ್ಟಿಸಿದೆ. ಸೈನಿಕನಿಗೆ ಒರಟು ದನಿ, ಮುದುಕಿಗೆ ನಡುಗು ದನಿ. ಮೀನುಗಾರರು ಜಗಳಾಡುವಲ್ಲಿ ಸತ್ಯವೇದದಲ್ಲಿ ಎಲ್ಲೂ ಇಲ್ಲದ ನಾಲ್ಕು ಬೈಗುಳ ಸೇರಿಸಿದೆ. ಜನ ನಕ್ಕರು, ಅತ್ತರು, ಮುಗಿದ ಮೇಲೆ ಎದ್ದು ಹೋಗಲೇ ಇಲ್ಲ. ಆ ದಿನದ ಖುಷಿಯನ್ನು ಹೇಗೆ ಹೇಳಲಿ? ಮೈಯೆಲ್ಲ ಮಿಂಚಾಡುತ್ತಿತ್ತು. ಸಾಮಾನು ಕಟ್ಟುವಾಗ ಇಮಾಮಸಾಬರು ಹೇಳಿದರು: "ಮಾಸ್ತರ್, ನಿಮಗ ರೀಲು ಬ್ಯಾಡ. ದೋತರ ಒಂದ ಸಾಕು."

ಅದನ್ನು ನಾನು ಹೊಗಳಿಕೆಯೆಂದೇ ತಿಳಿದೆ. ಮುಂದಿನ ಕೂಟದಲ್ಲಿ ಸಾಕ್ಷಿ ಹೇಳಲು ನಿಂತಾಗ ಆ ಕಣಗಲಾದ ಬಿಸಿ ಇನ್ನೂ ಆರಿರಲಿಲ್ಲ.

ಮೂಡಲಗಿ ಆಗಿನ್ನೂ ತಾಲೂಕಾಗಿರಲಿಲ್ಲ, ಆದರೆ ಸಂತೆಯ ಗದ್ದಲ ಮಾತ್ರ ಈಗಿನಷ್ಟೇ. ಅಲ್ಲಿ ಬಾಹುಬಲಿ ಕಾಕಾ ಎಂಬ ಜೈನ ವ್ಯಾಪಾರಿಯ ಬೆಲ್ಲದ ಅಂಗಡಿ ನನ್ನ ನಿಲ್ದಾಣವಾಗಿತ್ತು. ಅವರ ಮೊಮ್ಮಗಳಿಗೆ ಹತ್ತನೆಯ ಇಯತ್ತೆಯ ವಿಜ್ಞಾನ ಹೇಳಿಕೊಡುತ್ತಿದ್ದೆ. ಅವರು ನನ್ನ ಧರ್ಮಕ್ಕೆ ಬರುವವರಲ್ಲ, ನಾನು ಅವರದಕ್ಕೆ ಹೋಗುವವನಲ್ಲ. ಇಬ್ಬರಿಗೂ ಅದು ಗೊತ್ತಿದ್ದದ್ದರಿಂದ ಮಾತು ಬಹಳ ಚೆನ್ನಾಗಿ ನಡೆಯುತ್ತಿತ್ತು. ಒಂದು ದಿನ ನನ್ನ ಸಾಕ್ಷಿಯನ್ನು ಪೂರ್ತಿ ಕೇಳಿ, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ವಿಚಾರಣೆ ಶುರುಮಾಡಿದರು.

"ನಿಮ್ಮ ಹೆಸರು ಹಿಡಿದು ಕರದ ಅಂತೀರಿ. ಯಾವ ಭಾಷಾದಾಗ್ರಿ?"

"ಕನ್ನಡದಾಗ್ರಿ ಕಾಕಾ."

"ಧಾರವಾಡ ಕಡೀ ಕನ್ನಡಾನೋ, ನಮ್ಮ ಕಡೀದೋ?"

"ಹೆಸರು ಅಷ್ಟ ಕರದದ್ರಿ. ಎಲ್ಲಾ ಕಡೆ ಒಂದ."

"ಹಂಗಲ್ಲ. ನೀವು ಎಂ.ಎಸ್ಸಿ. ಮಾಡಿದವರು. ಬರ್ರಿ ಅಂತ ಮರ್ಯಾದಿ ಕೊಟ್ಟನೋ, ಬಾರೋ ಅಂದನೋ?"

ಅಂಗಡಿಯಲ್ಲಿದ್ದ ಹಮಾಲರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮುಂದಿನ ಕೂಟದಲ್ಲಿ, "ತಾಯಿ ಮಗನನ್ನು ಊಟಕ್ಕೆ ಕರೆದಂತೆ ಏಕವಚನದಲ್ಲಿ ಕರೆದ" ಎಂಬ ಮಾತು ತಾನಾಗಿ ಬಾಯಿಂದ ಬಂತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೀಗೆ ಯಾರು ಯಾವ ಪ್ರಶ್ನೆ ಕೇಳಿದರೂ ಅದರ ಉತ್ತರ ಸಾಕ್ಷಿಯೊಳಗೆ ಬಂದು ಕೂಡುತ್ತಿತ್ತು. ಸುಳ್ಳು ಸೇರಿಸುತ್ತಿದ್ದೇನೆ ಎಂದು ಒಂದು ದಿನವೂ ಅನಿಸಲಿಲ್ಲ. ಮರೆತದ್ದು ನೆನಪಾಗುತ್ತಿದೆ ಎಂದೇ ಅನಿಸುತ್ತಿತ್ತು. ಇದನ್ನು ಗುರುತು ಹಾಕಿಕೊಳ್ಳಿ.

ವಿಧಾನಗಳು ಬದಲಾದವು. ರೀಲು ಹೋಗಿ ಟಿ.ವಿ. ಮತ್ತು ವಿ.ಸಿ.ಆರ್. ಬಂತು, ಆಮೇಲೆ ಸಿ.ಡಿ. ಮನೆಮನೆಯಲ್ಲಿ ಟಿ.ವಿ. ಬಂದ ಮೇಲೆ ಬಯಲಿಗೆ ಯಾರು ಬರುತ್ತಾರೆ? ನಾನು ಮೈಕು ಬಿಟ್ಟು ಕರಿಹಲಗೆ ಹಿಡಿದೆ, ಊರೂರಲ್ಲಿ ಸಂಜೆಯ ಪಾಠ ಶುರುಮಾಡಿದೆ. ಹುಕ್ಕೇರಿ ಹತ್ತಿರದ ಒಂದು ಹಳ್ಳಿಯಲ್ಲಿ ಕೆಲವು ತರುಣರು ದಾರಿ ಅಡ್ಡಗಟ್ಟಿ, "ಪಾಠದ ಹೆಸರಿನ್ಯಾಗ ಮಂದೀನ ಜಾತಿ ಕೆಡಸಾಕ ಬಂದೀರೇನ್ರಿ?" ಎಂದು ಕೇಳಿದರು. ಸಿಟ್ಟು ಬಂತು. ಆದರೆ ಪ್ರಶ್ನೆ ನ್ಯಾಯದ್ದು. ಅಂದಿನಿಂದ ಯಾವ ಊರಿಗೆ ಹೋದರೂ ಮೊದಲು ಪಂಚಾಯಿತಿಯ ಕಟ್ಟೆಗೆ ಹೋಗಿ, ನಾನು ಇಂಥವನು, ಪಾಠ ಹೇಳುತ್ತೇನೆ, ಯಾರಾದರೂ ಕೇಳಿದರೆ ಯೇಸುವಿನ ಮಾತೂ ಹೇಳುತ್ತೇನೆ, ಕೇಳದವರಿಗೆ ಹೇಳುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ರೂಢಿ ಮಾಡಿಕೊಂಡೆ. ಆ ತರುಣರಲ್ಲಿ ಒಬ್ಬ ಮುಂದಿನ ವರ್ಷ ತನ್ನ ತಂಗಿಯನ್ನು ಪಾಠಕ್ಕೆ ಕಳಿಸಿದ. ಅವಳು ಗಣಿತದಲ್ಲಿ ಪಾಸಾದ ದಿನ ನಾನು ಮೊಪೆಡ್ಡಿನ ಮೇಲೆ ಹಾಡುತ್ತ ಬಂದೆ!

ಕೊಣ್ಣೂರಿನ ಶಿಬಿರಕ್ಕೆ ಹದಿನೇಳು ವರ್ಷಗಳ ನಂತರ ನನ್ನನ್ನೇ ಮುಖ್ಯ ಭಾಷಣಕಾರನನ್ನಾಗಿ ಕರೆದರು. ಅದೇ ಸಾಲೆ, ಅದೇ ಮೇ ತಿಂಗಳು. ಸಾಕ್ಷಿ ಹೇಳಿದೆ. ನನ್ನ ಜೀವನದಲ್ಲೇ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಮುಗಿದ ಮೇಲೆ ರೆಬೆಕ್ಕ ಬಂದಳು. ಊರಿನ ಗೌಂಡಿ ದಾನಪ್ಪನ ಮಗಳು; ಮನೆ ಕಟ್ಟುವ ಕೂಲಿಯಲ್ಲಿ ಅಪ್ಪ ಅವಳನ್ನು ನರ್ಸಿಂಗ್ ಓದಿಸಿದ್ದ. ಚುರುಕು ಹುಡುಗಿ, ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಕೈಯಲ್ಲಿ ಒಂದು ಲಕೋಟೆ.

"ಸರ್, ನನಗ ಆರ್ಡರ್ ಬಂದೈತ್ರಿ. ಹುಕ್ಕೇರಿ ತಾಲೂಕಿನ ದವಾಖಾನಿಗೆ. ಇನ್ನ ಹನ್ನೊಂದು ದಿನದಾಗ ಹಾಜರಾಗಬೇಕ್ರಿ."

"ಶಭಾಷ್! ಸಿಹಿ ಎಲ್ಲಿ?"

"ನಾ ಹೋಗೂದಿಲ್ರಿ. ನಿಮ್ಮಂಗ ಸೇವಾಕ್ಕ ಬರತೇನಿ."

ನನಗೆ ಎದೆ ಉಬ್ಬಿತು, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಯಾಕೆ ಹೀಗೆ ನಿರ್ಧರಿಸಿದೆ ಎಂದು ಕೇಳಿದೆ.

"ನಿಮ್ಮ ಸಾಕ್ಷಿ ಕೇಳೇ ರೀ. ಸಣ್ಣಾಕಿ ಇದ್ದಾಗಿಂದ ಕೇಳೇನಿ. ನಾ ಇದ ಊರಾಕಿ. ಮೇ ತಿಂಗಳದಾಗ ಧಬಧಬಿ ಒಣಗಿ ಬರೇ ಬಂಡಿ ಕಾಣತಾವು, ಹನಿ ನೀರು ಬೀಳೂದಿಲ್ಲ. ಅಂಥಾದರಾಗ ನಿಮಗ ನೀರಿನ ಸಪ್ಪಳ ಕೇಳಿಸೇತಿ. ಅದು ದೇವರ ಪವಾಡ ಅಲ್ಲದ ಮತ್ತೇನ್ರಿ? ಅವ ಖರೇನ ಕರದಾಗ ಹಂಗ ಕರೀತಾನ ಅಂತ ನನಗ ನಂಬಿಕಿ ಬಂದೈತ್ರಿ."



ಅವಳು ಹೋದ ಮೇಲೆ ಮೊಪೆಡ್ ಹತ್ತಿ ನೇರ ಧಬಧಬೆಗೆ ಹೋದೆ. ಬಂಡೆಗಳು ಕಾದ ಹೆಂಚಿನಂತಿದ್ದವು. ಕೆಳಗೆ ಕೊಳ್ಳದಲ್ಲಿ ಹಸಿರುಗಟ್ಟಿದ ಒಂದು ಹೊಂಡ, ಅದರ ದಂಡೆಯಲ್ಲಿ ನಾಲ್ಕು ಆಡು. ಸಪ್ಪಳವೆಂದರೆ ಆಡುಗಳದ್ದೇ. ಭೌತಶಾಸ್ತ್ರ ಓದಿದ ನಾನು ಹದಿನೇಳು ವರ್ಷದಲ್ಲಿ ಒಮ್ಮೆಯೂ ಇದನ್ನು ಯೋಚಿಸಿರಲಿಲ್ಲ! ಹೊರಗಿನಿಂದ ಅತಿಥಿಗಳು ಬಂದಾಗಲೆಲ್ಲ ಮಳೆಗಾಲದಲ್ಲಿ ಅವರನ್ನು ಇಲ್ಲಿಗೆ ಕರೆತರುತ್ತಿದ್ದೆ. ಆ ಆಗಸ್ಟಿನ ನೀರು ಯಾವಾಗಲೋ ನನ್ನ ಮೇ ತಿಂಗಳೊಳಗೆ ನುಗ್ಗಿತ್ತು. ಅಥವಾ ಆ ವರ್ಷ ಮೇಲಿನ ಹಿಡಕಲ್ ಜಲಾಶಯದಿಂದ ನೀರು ಬಿಟ್ಟಿದ್ದರೆ? ಆಸೆ ಎಷ್ಟು ಕೆಟ್ಟದ್ದು ನೋಡಿ. ಮರುದಿನ ಅಲ್ಲಿಗೂ ಹೋದೆ. ಬಾಗಿಲು ಎತ್ತುವ ಕೆಲಸದಲ್ಲಿ ಮುದುಕನಾದ ನೌಕರನೊಬ್ಬ ನನ್ನ ಪ್ರಶ್ನೆ ಕೇಳಿ, "ಆ ವರ್ಷದ ಬ್ಯಾಸಗ್ಯಾಗ ನಮಗ ಕುಡಿಯಾಕ ನೀರು ಇದ್ದಿದ್ದಿಲ್ರಿ, ಹೊಳಿಗೆ ಯಾರು ಬಿಡತಾರ?" ಎಂದ. ಅವನ ನೆನಪೂ ತಪ್ಪಿರಬಹುದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಂಶಯವನ್ನು ಎಲ್ಲಿ ಬೇಕೋ ಅಲ್ಲಿ ಮಾತ್ರ ಬಳಸುವುದು ನಮ್ಮಂಥ ಓದಿದವರ ಚಟ.

ಹಿಡಕಲ್ಲಿನಿಂದ ಹುಕ್ಕೇರಿ ದೂರವಲ್ಲ. ಇಮಾಮಸಾಬರ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವರು ಚಹಾ ತರಿಸಿ, ಅಟ್ಟದಿಂದ ಒಂದು ರಟ್ಟಿನ ಡಬ್ಬಿ ಇಳಿಸಿದರು. ಮೈಕು ಪರೀಕ್ಷೆ ಮಾಡಲೆಂದು ಅವರು ಪ್ರತಿ ಕಾರ್ಯಕ್ರಮದ ಒಂದಿಷ್ಟನ್ನು ಕ್ಯಾಸೆಟ್ಟಿಗೆ ಹಿಡಿಯುತ್ತಿದ್ದರು. ಮದುವೆಯ ಹಾಡು, ಚುನಾವಣೆಯ ಭಾಷಣ, ಅವುಗಳ ನಡುವೆ ನಾನು.

"ಮಾಸ್ತರ್, ಹೊಸಾದು ಮೊದಲು ಹಾಕ್ಲೋ, ಹಳೇದು ಮೊದಲೋ?"

"ಹೊಸಾದರಿಂದ ಹಿಂದಕ್ಕ ಹೋಗೂಣ್ರಿ."

ಒಂದೊಂದಾಗಿ ಹಾಕಿದರು. ಮೊದಲ ಕ್ಯಾಸೆಟ್ಟಿನಲ್ಲಿ ಧಬಧಬೆ ಗುಡುಗುತ್ತಿತ್ತು. ನನ್ನ ಹೆಸರು ಬರುವ ಜಾಗದಲ್ಲಿ ದನಿ ಮೂರು ಸಲ ಮಾರ್ದನಿಗೊಂಡಿತು.

"ಇದೇನ್ರಿ?"

"ಎಕೋ. ನಾನ ಹಾಕಿದ್ದೆ. ಛಲೋ ಕೇಳಸ್ತದ ಅಂತ," ಎಂದರು ಇಮಾಮಸಾಬರು, ಸ್ವಲ್ಪ ನಾಚಿಕೊಂಡು.

ಹಿಂದಕ್ಕೆ ಹೋದಂತೆ ನೀರು ಇಳಿಯುತ್ತ ಬಂತು. ಐದಾರು ವರ್ಷ ಹಿಂದೆ ಭೋರ್ಗರೆಯುತ್ತಿದ್ದದ್ದು ಹತ್ತು ವರ್ಷ ಹಿಂದೆ ಹರಿಯುತ್ತಿತ್ತು. ಅದಕ್ಕೂ ಹಿಂದೆ ನಾನು ಬರೇ ಬಂಡೆಯ ಮೇಲೆ ಕೂತಿದ್ದೆ, ನೀರಿನ ಮಾತೇ ಇಲ್ಲ. ಕೊನೆಯ ಕ್ಯಾಸೆಟ್ಟು ಹುಕ್ಕೇರಿಯ ನನ್ನ ಮೊದಲ ಸಾಕ್ಷಿ, ಅಯ್ಯನವರು ಬೈದದ್ದು. ತೆಳ್ಳಗಿನ, ಹೆದರಿದ ದನಿ. ನನ್ನದೇ ಎಂದು ಗುರುತಾಗಲು ಹೊತ್ತು ಹಿಡಿಯಿತು:

"ಶಿಬಿರದ ಕೊನೆಯ ಸಂಜೆ ಅಡುಗೆಯ ಮಾರ್ಥಕ್ಕನವರ ಜೋಡಿ ಡಬರಿ ತಿಕ್ಕುತ್ತಿದ್ದೆ. ಅವರು, ನಾಳೆ ಊರಿಗೆ ಹೋಗತಿಯೇನಪಾ ಅಂತ ಕೇಳಿದರು. ಇಲ್ಲ, ನಾನು ಇಲ್ಲೇ ಇರುತ್ತೇನೆ ಅಂದೆ. ಯಾಕೆ ಹಾಗೆ ಅಂದೆನೋ ನನಗೆ ತಿಳಿಯದು. ಆದರೆ ಅಷ್ಟು ಸಂತೋಷ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ."

ಬಂಡೆ ಇಲ್ಲ, ನೀರು ಇಲ್ಲ, ಹೆಸರು ಹಿಡಿದು ಕರೆದವರೂ ಇಲ್ಲ. ನಾನು ಅಳಬೇಕಿತ್ತು. ಖರೆ ಹೇಳುತ್ತೇನೆ, ಕುರ್ಚಿಯಿಂದ ಎದ್ದು ಕುಣಿಯುವಷ್ಟು ಖುಷಿಯಾಯಿತು! ಡಬರಿ, ಬೂದಿ, ತೆಂಗಿನ ನಾರು, ಮಾರ್ಥಕ್ಕನ ಹಸಿರು ಬಳೆ, ಎಲ್ಲ ಒಮ್ಮೆಗೇ ಎದ್ದು ಬಂದವು. ನಾನು ಕಳೆದುಕೊಂಡಿದ್ದ ಸಂಜೆ ಸಿಕ್ಕಿತ್ತು. ಹಸಿರು ಬಳೆಯನ್ನು ಈಗ ಹೊಸದಾಗಿ ಸೇರಿಸಿಕೊಂಡೆನೋ ಏನೋ, ಆಣೆ ಮಾಡಿ ಹೇಳಲಾರೆ. ಕ್ಯಾಸೆಟ್ಟಿನಲ್ಲಿ ಇದ್ದಷ್ಟಕ್ಕೆ ಮಾತ್ರ ನಾನು ಜವಾಬ್ದಾರ.

 ಮೊದಲು ಅಯ್ಯನವರಿಗೆ ತಿಳಿಸಬೇಕಿತ್ತು. ಅವರು ಪರವೂರಿನಿಂದ ಗೋಕಾಕಕ್ಕೆ ಮರಳುವಷ್ಟರಲ್ಲಿ ಆರು ದಿನ ಮಾತ್ರ ಉಳಿದಿದ್ದವು. ಅವರು ಪೂರ್ತಿ ಕೇಳಿ ಕನ್ನಡಕ ತೆಗೆದರು.

"ಆ ಸಾಕ್ಷಿ ಕೇಳಿ ಎಷ್ಟು ಮಂದಿ ಬಂದಾರ ಗೊತ್ತೈತೇನೋ? ಈಗ ಯಾಕ ಕೆದರತಿ?"

"ಆ ಹುಡುಗಿ ನೌಕರಿ ಬಿಡಾಕತ್ತಾಳ್ರಿ."

"ದೇವರು ಡೊಂಕು ಗೆರಿಯೊಳಗೂ ನೆಟ್ಟಗ ಬರೀತಾನೋ."

"ಬರೀಲಿ ರೀ. ಡೊಂಕು ಗೆರಿ ಎಳದಾವ ನಾನು. ನಾ ಅದನ್ನ ಹೇಳಬೇಕಲ್ರಿ."

 ಅವರು ಮೀಸೆ ತಿರುವುತ್ತ, ತಮಗೇ ಹೇಳಿಕೊಂಡಂತೆ, "ನನ್ನ ಏಳು ನಿಮಿಷದ್ದು ಯಾರ ಕ್ಯಾಸೆಟ್ಟಿನ್ಯಾಗೂ ಇಲ್ಲ. ಪುಣ್ಯಾ," ಎಂದರು. ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಹೋದೆ.

ದಾನಪ್ಪ ಮನೆಯ ಮುಂದೆ ಕರಣಿ ತೊಳೆಯುತ್ತಿದ್ದ. ನನ್ನನ್ನು ನೋಡಿ ಬರ್ರಿ ಎನ್ನಲಿಲ್ಲ.

"ಮಾಸ್ತರ್ರ, ಮಂದಿ ಗ್ವಾಡಿ ಕಟ್ಟಿ ಕಟ್ಟಿ ಮಗಳನ್ನ ಓದಿಸೇನ್ರಿ. ನೀವು ಬಂದು ಏಳು ನಿಮಿಷದಾಗ ಕೆಡವಿದ್ರಿ."

"ಅದನ್ನ ಸರಿ ಮಾಡಾಕ ಬಂದೇನಿ ದಾನಪ್ಪ. ರೆಬೆಕ್ಕನ್ನ ಕರಿ."

ಅವಳು ಬಾಗಿಲಲ್ಲಿ ನಿಂತು ಕೇಳಿದಳು. ನಾನು ಒಣ ಧಬಧಬೆಯಿಂದ ಶುರುಮಾಡಿ ಕೊನೆಯ ಕ್ಯಾಸೆಟ್ಟಿನ ತನಕ ಹೇಳಿದೆ. ಅವಳ ಮುಖ ಕೆಂಪಗಾಯಿತು.

"ನಾ ನಾಲ್ಕು ದಿನ ಉಪವಾಸ ಇದ್ದೇನ್ರಿ. ಆ ನೀರಿನ ಸಪ್ಪಳಕ್ಕ."

"ನನ್ನ ತಪ್ಪು, ರೆಬೆಕ್ಕ."

"ತಪ್ಪು ಅಂತ ನನಗೊಬ್ಬಾಕಿಗೆ ಹೇಳಿದ್ರ ಹೆಂಗ್ರಿ? ಸಭಾದಾಗ ಎಲ್ಲಾರಿಗೂ ಹೇಳೀರಿ. ನಾಳಿ ಐತವಾರ. ಎಲ್ಲಾರ ಮುಂದ ಹೇಳ್ರಿ. ಆಮ್ಯಾಲ ನಾ ಏನ ಮಾಡತೇನಂತ ನಿಮಗ ಹೇಳತೇನಿ."

ಕಣಗಲಾದಲ್ಲಿ ನಾಲ್ಕುನೂರು ಜನರ ಎದುರು ಹೆದರದವನು ಕೊಣ್ಣೂರಿನ ಅರವತ್ತು ಜನರ ಎದುರು ಹೆದರಿದೆ. ರೆಬೆಕ್ಕ ಮೊದಲ ಸಾಲಿನಲ್ಲಿ, ಅಪ್ಪನ ಮಗ್ಗುಲಲ್ಲಿ ಕೂತಿದ್ದಳು. ನನ್ನ ಸಾಕ್ಷಿಯಲ್ಲಿ ನೀರು ಇರಲಿಲ್ಲ, ಯಾರೂ ಹೆಸರು ಹಿಡಿದು ಕರೆಯಲಿಲ್ಲ, ನಾನು ಡಬರಿ ತಿಕ್ಕುತ್ತಿದ್ದೆ, ಇರುತ್ತೇನೆ ಅಂದೆ, ಇದ್ದೆ, ಆ ಸಂತೋಷ ಮಾತ್ರ ಒಂದು ದಿನವೂ ಸುಳ್ಳಾಗಲಿಲ್ಲ ಎಂದು ಹೇಳಿದೆ. ಎರಡು ನಿಮಿಷಕ್ಕೆ ಮುಗಿಯಿತು.  ಯಾರಾದರೂ ಕಲ್ಲು ಎತ್ತಿ ಹೊಡೆಯಲು ಎದ್ದು ಬರುತ್ತಾರೆಂದು ನಾನು ಕಾಯುತ್ತಿದ್ದೆ. ಹಿಂದಿನ ಸಾಲಿನ ಮುದುಕಿಯೊಬ್ಬಳು ಬಾಯಿಬಿಟ್ಟಳು.

"ಮೇದಾಗ ಧಬಧಬಿಗೆ ನೀರು ಎಲ್ಲಿಂದ ಬರತಾವ್ರಿ ಮಾಸ್ತರ್ರ? ಇದು ನಮಗ ಮೊದಲ ಗೊತ್ತಿತ್ತು."

"ಎಲ್ಲಾರಿಗೂ ಗೊತ್ತಿತ್ತೇನ್ರಿ?"

"ಊರಿಗೆ ಊರ ಗೊತ್ತೈತಿ!"

"ಮತ್ತ ಯಾಕ ಯಾರೂ ಹೇಳಲಿಲ್ರಿ?"

"ನೀವು ಅಷ್ಟು ಖುಷೀಲೆ ಹೇಳತಿದ್ರಿ. ನಡಕ ಬಾಯಿ ಹಾಕೂದು ಚಂದ ಅಲ್ಲಂತ ಸುಮ್ಮನಿದ್ವಿ."

ಎಲ್ಲರೂ ನಕ್ಕರು. ದಾನಪ್ಪನೂ ನಕ್ಕ. ರೆಬೆಕ್ಕ ನಗಲಿಲ್ಲ. ಕೂಟ ಮುಗಿದ ಮೇಲೆ ಹೊರಗೆ ಬಂದು, "ಸೋಮವಾರ ಮುಂಜಾನೆ ಗೋಕಾಕ ಬಸ್‌ಸ್ಟ್ಯಾಂಡಿಗೆ ಬರ್ರಿ," ಎಂದಷ್ಟೇ ಹೇಳಿದಳು.

ಹೋದೆ. ಅಪ್ಪ ಮಗಳು ಹುಕ್ಕೇರಿಯ ಬಸ್ಸಿನ ಹತ್ತಿರ ನಿಂತಿದ್ದರು. ದಾನಪ್ಪನ ತಲೆಯ ಮೇಲೆ ಟ್ರಂಕು, ಅವಳ ಭುಜದಲ್ಲಿ ಚೀಲ. ದಾನಪ್ಪ ಟ್ರಂಕನ್ನು ಬಸ್ಸಿನ ಮೇಲೆ ಏರಿಸಲು ಹೋದಾಗ ಅವಳು ನನ್ನ ಕಡೆ ತಿರುಗಿದಳು.

"ಇವತ್ತ ಹಾಜರಾಗತೇನ್ರಿ. ಸೇವಾಕ್ಕ ಬರೂದಿಲ್ಲ ಅಂತ ಅಲ್ಲ. ಒಂದಿನ ಬಂದರೂ ಬಂದೇನು, ಬರದಿದ್ರೂ ಬರದಿದ್ದೇನು. ಆದ್ರ ನಿಮ್ಮ ಕಿವೀಲೆ ಕೇಳಿ ಬರೂದಿಲ್ರಿ. ನನ್ನ ಕಿವಿಗೆ ಏನರ ಕೇಳಿಸಿದ್ರ ಬರತೇನಿ."

"ಕೇಳಿಸದಿದ್ರ?"

"ದವಾಖಾನ್ಯಾಗ ರಗಡ ಕೆಲಸ ಇರತೈತ್ರಿ ಸರ್," ಎಂದು ಬಸ್ಸು ಹತ್ತಿದಳು.